ಬಸವ ಜಯಂತಿಗೆ ಸಾಮೂಹಿಕ ಕಲ್ಯಾಣ: ನಮ್ಮ ಬಳಗ ಮಾಡಬೇಕೋ, ಬಿಡಬೇಕೋ?

ಘಟಪ್ರಭಾ ದಂಡೆ (ಚರ್ಚೆ ಶುರು ಮಾಡಿದವರು)

ಬಾಗಲಕೋಟೆ ಜಿಲ್ಲೆಯ ನಮ್ಮ ಬಸವ ಬಳಗದಲ್ಲಿ ಒಂದು ವಿಷಯ ಇತ್ಯರ್ಥವಾಗದೆ ಉಳಿದಿದೆ. ನಮ್ಮದು ಮಠ ಅಲ್ಲ, ಪೀಠವೂ ಇಲ್ಲ. ಭಾನುವಾರ ಸಂಜೆ ಸಾಮೂಹಿಕ ಪ್ರಾರ್ಥನೆ, ಒಂದು ವಚನದ ಮೇಲೆ ಮಾತುಕತೆ, ಆಮೇಲೆ ದಾಸೋಹ. ಯಾವ ಜಾತಿಯವರು ಬಂದರೂ ಅದೇ ಪಂಕ್ತಿ.

ಬರುವ ಬಸವ ಜಯಂತಿಗೆ 25 ಜೋಡಿಗಳ ಸಾಮೂಹಿಕ ಕಲ್ಯಾಣ ಮಾಡೋಣ ಎಂದು ಅರ್ಧ ಜನ ಹೇಳುತ್ತಿದ್ದಾರೆ. ಉಳಿದರ್ಧ ಜನರ ವಾದ ಬೇರೆ: ಒಂದು ದಿನಕ್ಕೆ ಸುರಿಯುವ ಆ ಹಣದಲ್ಲಿ ವರ್ಷವಿಡೀ ನೆರವು ಕೇಂದ್ರ ನಡೆಸಬಹುದು, ವಿಧವಾ ವೇತನ, ಜಾತಿ-ಆದಾಯ ಪ್ರಮಾಣಪತ್ರ, ಕಾನೂನು ಸಲಹೆಗೆ ಅಲೆಯುವವರಿಗೆ ಒಂದು ಬಾಗಿಲು ಆಗುತ್ತದೆ ಎನ್ನುತ್ತಾರೆ. ಇಂಥ ಕೆಲಸ ಬಲ್ಲವರು ಬಿಡಿಸಿ ಹೇಳಿ.

ಮುಂಗಾರಿ ಜ್ವಾಳ

ಬ್ಯಾಡ್ರಿ. ಕಾರಣ ಹೇಳ್ತೀನಿ.

ನಮ್ಮ ಭಾಗದಾಗ ಸಾಮೂಹಿಕ ಮದುವಿ ಅಂದ್ರ ಪೆಂಡಾಲ ಒಂದ, ಸಂಬಂಧ ಮಾತ್ರ ತಮ್ತಮ್ಮ ಒಳಪಂಗಡದಾಗಿನವು. ಬೀಗರು ಮೊದಲ ಜಾತಿ ನೋಡಿ, ಕುಳ ನೋಡಿ ಮಾತು ಮುಗಿಸಿರತಾರ, ಖರ್ಚು ಉಳೀಲಿ ಅಂತ ನಮ್ಮ ಹಂತೇಕ ಬರತಾರ. ಅದು ತಪ್ಪಲ್ಲ, ಬಡವರ ಸಾಲ ತಪ್ಪತೈತಿ. ಆದರ ಸಮಗಾರ ಹರಳಯ್ಯನ ಮಗಂದು, ಬ್ರಾಹ್ಮಣ ಮಧುವರಸನ ಮಗಳದು ಮದುವಿ ಆಗಿದ್ದಕ್ಕ ಹನ್ನೆರಡನೇ ಶತಮಾನದ ಕಲ್ಯಾಣ ಪಟ್ಟಣದಾಗ ಜೀವಾನ ಹೋದವು. ಆ ಹೆಸರು ಮೈಕಿನಾಗ ಹೇಳಿ, ಜಾತಿ ದಾಟಿದ ಒಂದು ಜೋಡಿನೂ ಇಲ್ಲದ ಸಮಾರಂಭ ಮಾಡೂದು ನನಗ ಒಪ್ಪಿಗಿ ಇಲ್ಲ. ಅದನ್ನ ಯಾವ ಸಂಘ ಬೇಕಾದರೂ ಮಾಡ್ಲಿ. ಶರಣರ ಹೆಸರಿನ ಬಳಗಕ್ಕ ಬ್ಯಾರೆ ಅಳತಿ ಇರಬೇಕು.

ಸಂಗಮದ ಸಂಜೆ

ಮಾಡಬೇಕು, ಆದರೆ ವಯಸ್ಸಿನ ತಪಾಸಣೆ ಗಟ್ಟಿ ಇದ್ದರೆ ಮಾತ್ರ.

ಬಸವ ಜಯಂತಿಯೂ ಅಕ್ಷಯ ತೃತೀಯವೂ ಒಂದೇ ತಿಥಿ, ವೈಶಾಖ ಶುದ್ಧ ತದಿಗೆ. ಮುಹೂರ್ತ ಕೇಳಬೇಕಿಲ್ಲ ಎಂಬ ನಂಬಿಕೆಯಿಂದ ಅಂದು ಬಾಲ್ಯವಿವಾಹಗಳೂ ಹೆಚ್ಚು. ಅದಕ್ಕೇ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಂನಲ್ಲಿ ಅಕ್ಷಯ ತೃತೀಯದ ಹೆಸರನ್ನೇ ಬರೆದು, ಅಂಥ ದಿನಗಳಲ್ಲಿ ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ ಎಂದು ಹೇಳಿದೆ. 11ನೇ ಕಲಂ ಪ್ರಕಾರ ಮದುವೆಗೆ ಪ್ರೋತ್ಸಾಹ ಕೊಟ್ಟವರು, ತಡೆಯದೆ ಬಿಟ್ಟವರು, ಸಂಘಟನೆಯ ಸದಸ್ಯರು ಎಲ್ಲರೂ ಹೊಣೆ: 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಕರ್ನಾಟಕದ 2016ರ ತಿದ್ದುಪಡಿಯಿಂದ ಇಂಥ ಮದುವೆ ಮೊದಲಿನಿಂದಲೇ ಅಸಿಂಧು.

ಮದುವೆಯ ದಿನಕ್ಕೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ದಾಖಲೆ ಮೊದಲು ನೋಡಿ, ಅದಿಲ್ಲದಿದ್ದರೆ ಪಂಚಾಯಿತಿ ಇಲ್ಲವೇ ಪುರಸಭೆಯ ಜನನ ಪ್ರಮಾಣಪತ್ರ. ಆಧಾರ್ ಕಾರ್ಡಿನ ಮೇಲೆ ನಿಂತು ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ವಯಸ್ಸು ನಿರ್ಧರಿಸಲು ಅದು ಸರಿಯಾದ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಜನವರಿ 1 ಎಂದು ಹುಟ್ಟಿದ ದಿನ ಇರುವ ಆಧಾರ್ ಎಷ್ಟೋ ಇವೆ, ವರ್ಷವನ್ನು ಬಾಯಿಮಾತಿನಲ್ಲಿ ಬರೆಸಿದ್ದು. ಶಾಲೆಯ ದಾಖಲೆಯಲ್ಲಿ ಜೂನ್ 1 ಕಂಡರೂ ಹಾಗೆಯೇ, ಒಂದನೇ ಇಯತ್ತೆಗೆ ಸೇರಿಸುವಾಗ ಲೆಕ್ಕ ಹೊಂದಿಸಿ ಹಾಕಿದ್ದಿರಬಹುದು. ಅಂಥ ಕಡೆ ತಾಯಿ ಕಾರ್ಡು, ಲಸಿಕೆ ಚೀಟಿ, ಅಂಗನವಾಡಿ ರಿಜಿಸ್ಟರು ತಾಳೆ ನೋಡಿ. ವೈದ್ಯರ ವಯಸ್ಸಿನ ಸರ್ಟಿಫಿಕೇಟು ಹಿಡಿದು ಬಂದವರಿಗೆ ಸ್ಪಷ್ಟವಾಗಿ ಇಲ್ಲ ಎನ್ನಿ. ಎಲುಬಿನ ಪರೀಕ್ಷೆಯಲ್ಲಿ ಒಂದೆರಡು ವರ್ಷ ಆಚೀಚೆ ಆಗುತ್ತದೆ, ಆ ಒಂದೆರಡು ವರ್ಷವೇ ಇಲ್ಲಿ ಮುಖ್ಯ.

ಅರ್ಜಿ 60 ದಿನ ಮೊದಲೇ ಮುಚ್ಚಲಿ. ಕೊನೆಯ ವಾರದಲ್ಲಿ ಶಿಫಾರಸು ಹಿಡಿದು ಬರುವ ಜೋಡಿಗಳಲ್ಲೇ ತೊಂದರೆ ಇರುವುದು.

ಇಳಕಲ್ ಸೆರಗು

ಸಂಗಮದ ಸಂಜೆ ಅವರು ಹೇಳಿದ ತಪಾಸಣೆ ಸರಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ಆಗುವ ಅನಾಹುತದ ಬಗ್ಗೆ ಯಾರೂ ಮಾತಾಡುವುದಿಲ್ಲ. ವಯಸ್ಸು ಸಾಲದು ಎಂದು ನೀವು ಅರ್ಜಿ ವಾಪಸ್ ಕೊಟ್ಟಿರಿ. ಆ ಹುಡುಗಿಯ ಮದುವೆ ನಿಂತಿತೇ? ನಿಲ್ಲುವುದಿಲ್ಲ. ಸಂಬಂಧ ಗೊತ್ತಾಗಿದೆ, ಸೀರೆ ತಂದಾಗಿದೆ. ಅದೇ ವಾರ ಮನೆಯ ಅಂಗಳದಲ್ಲೋ, ಪಕ್ಕದ ತಾಲೂಕಿನ ಗುಡಿಯಲ್ಲೋ, ಗಡಿ ದಾಟಿ ಮಹಾರಾಷ್ಟ್ರದ ಬೀಗರ ಊರಲ್ಲೋ ತಾಳಿ ಬೀಳುತ್ತದೆ. ಬಳಗದ ಕೈ ಶುದ್ಧವಾಗಿರುತ್ತದೆ, ಹುಡುಗಿಯ ಬದುಕು ಹೋಗಿರುತ್ತದೆ.

ಹಾಗಾಗಿ ತಿರಸ್ಕೃತ ಅರ್ಜಿಗಳ ಪಟ್ಟಿಗೆ ಆಯ್ಕೆಯಾದವರ ಪಟ್ಟಿಗಿಂತ ಹೆಚ್ಚು ಕೆಲಸ ಬೇಕು. ವಯಸ್ಸು ಸಾಲದ್ದು ಗೊತ್ತಾದ ದಿನವೇ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕಚೇರಿ ಮುಚ್ಚಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮದುವೆ ದಿನ ಹತ್ತಿರವಿದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು 13ನೇ ಕಲಂನಲ್ಲೇ ಅವಕಾಶವಿದೆ. ಮುಚ್ಚಳಿಕೆ ಬರೆಸಿಕೊಂಡು ಸುಮ್ಮನಾಗುವುದು ಎಲ್ಲ ಕಡೆ ನಡೆಯುತ್ತದೆ, ಆದರೆ ಮುಚ್ಚಳಿಕೆ ಬರೆದ ಮನೆಗೆ ಹದಿನೈದು ದಿನ ಬಿಟ್ಟು ಯಾರಾದರೂ ಹೋಗಲೇಬೇಕು. ಇಬ್ಬರು ಹೆಣ್ಣುಮಕ್ಕಳು ಹೋಗಲಿ, ಗಂಡಸರ ದಂಡು ಬೇಡ.

ಕಾರಣವನ್ನೂ ಹಿಡಿಯಬೇಕು. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ, ಒಣ ಬೇಸಾಯದ ಊರುಗಳಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಮುಕಾದಮ (ಕೂಲಿಯಾಳುಗಳ ಗುತ್ತಿಗೆದಾರ) ಮುಂಗಡ ಕೊಡುವುದು ಗಂಡ-ಹೆಂಡತಿ ಜೋಡಿಗೆ. ಒಂಟಿ ಹುಡುಗನಿಗೆ ಮುಂಗಡ ಕಡಿಮೆ, ಬೆಳೆದ ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಟ್ಟು ಹೋಗಲು ತಂದೆತಾಯಿಗೆ ಅಂಜಿಕೆ. ಎರಡೂ ಸೇರಿ ಹದಿನಾರಕ್ಕೆ ಮದುವೆ. ಇಲ್ಲಿ ಪ್ರವಚನದಿಂದ ಏನೂ ಆಗದು. ಸುಗ್ಗಿಯ ಆ ಐದಾರು ತಿಂಗಳು ಹುಡುಗಿಗೆ ಹಾಸ್ಟೆಲ್ ಸೀಟು ಬೇಕು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಅರ್ಜಿ ತುಂಬುವುದು ಬೇಸಿಗೆ ಮುಗಿಯುವ ಹೊತ್ತಿಗೆ, ಗುಳೆ ಹೋಗುವುದು ಅಕ್ಟೋಬರ್ ಸುಮಾರಿಗೆ. ನಡುವಿನ ಈ ಅಂತರದಲ್ಲೇ ಹುಡುಗಿಯರು ಕೈತಪ್ಪುತ್ತಾರೆ. ಹತ್ತನೇ ಇಯತ್ತೆ ಮುಗಿಸಿದವರ ಹೆಸರನ್ನು ಮೇ ತಿಂಗಳಲ್ಲೇ ಬರೆದುಕೊಂಡು ಬಳಗವೇ ಅರ್ಜಿ ಹಾಕಿಸಬೇಕು. ನೆರವು ಕೇಂದ್ರ ಬೇಕು ಎನ್ನುವ ನಿಮ್ಮ ಅರ್ಧ ಜನ ಹೇಳುತ್ತಿರುವುದು ಇದೇ ಕೆಲಸ. ಅದಿಲ್ಲದೆ ಕಲ್ಯಾಣ ಮಾಡಬೇಡಿ.

ಗುಮ್ಮಟದ ನೆರಳು

ವಿಧಿ ಮತ್ತು ನೋಂದಣಿ ಬಗ್ಗೆ ಎರಡು ಮಾತು. ನೀವು ಬಹುಶಃ ವಚನ ಕಲ್ಯಾಣ ಮಾಡುತ್ತೀರಿ: ರಾಹುಕಾಲ-ಮುಹೂರ್ತ ಇಲ್ಲ, ಅಕ್ಷತೆಯ ಬದಲು ಹೂ, ವಧೂವರರಿಂದ ಪ್ರತಿಜ್ಞೆ. ಒಳ್ಳೆಯದೇ, ಅಕ್ಕಿ ಕಾಲಡಿ ಹೋಗುವುದಿಲ್ಲ. ಕಾನೂನಿನ ಮಾತು ಬಂದಾಗ, 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೆ ತಂದಿದೆ, ಬೌದ್ಧ, ಜೈನ, ಸಿಖ್ಖರನ್ನೂ ಕೂಡ. 7ನೇ ಕಲಂ ಪ್ರಕಾರ ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿ ನಡೆದರೂ ಸಾಕು. ಸಪ್ತಪದಿ ರೂಢಿಯಲ್ಲಿ ಇದ್ದವರಿಗೆ ಮಾತ್ರ ಸಪ್ತಪದಿ. ಆದರೆ ವಿಧಿಯೇ ನಡೆಯದೆ ಬರೀ ನೋಂದಣಿ ಪತ್ರ ಇದ್ದರೆ ಮದುವೆ ಆಗದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಆದ್ದರಿಂದ ಪ್ರತಿ ಜೋಡಿಯ ವಿಧಿಯ ಫೋಟೊ ಬೇರೆ ಬೇರೆ ತೆಗೆಯಿರಿ. ವೇದಿಕೆಯ ಮೇಲೆ 25 ಜೋಡಿ ಸಾಲಾಗಿ ನಿಂತ ಒಂದೇ ಫೋಟೊ ಉಪನೋಂದಣಿ ಕಚೇರಿಯಲ್ಲಿ ಕೆಲಸಕ್ಕೆ ಬಾರದು.

ಅಂದೇ ಜೋಡಿಗೆ ಮೂವರು ಸಾಕ್ಷಿಗಳ ಸಹಿ, ವಿಳಾಸದ ದಾಖಲೆ ತೆಗೆದುಕೊಳ್ಳಿ. ಮದುವೆ ಮುಗಿದ ಮೇಲೆ ಒಬ್ಬ ಸಾಕ್ಷಿ ಪುಣೆಗೆ, ಇನ್ನೊಬ್ಬ ಗೋವಾಕ್ಕೆ ದುಡಿಯಲು ಹೋಗಿರುತ್ತಾರೆ, ನೋಂದಣಿ ಅಲ್ಲೇ ನಿಲ್ಲುತ್ತದೆ.

ಮುಂಗಾರಿಯವರು ಕೇಳುವ ಅಂತರ್ಜಾತಿ ಜೋಡಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆ ಸೂಕ್ತ ಎನಿಸುತ್ತದೆ.

ಮುಂಗಾರಿ ಜ್ವಾಳ

ಗುಮ್ಮಟ ಅವರ, ಕಡೀ ಮಾತು ಒಪ್ಪಾಂಗಿಲ್ಲ. ವಿಶೇಷ ಕಾಯ್ದೆದಾಗ 30 ದಿನದ ನೋಟಿಸು ಕಚೇರಿ ಬೋರ್ಡಿಗೆ ಹಚ್ಚತಾರ. ಕಾಯಂ ವಿಳಾಸ ಬ್ಯಾರೆ ಜಿಲ್ಲಾ ಇದ್ದರ ಅಲ್ಲಿಗೂ ಒಂದು ಪ್ರತಿ ಹೋಗತೈತಿ. ಜಾತಿ ಬಿಟ್ಟು ಮದುವಿ ಆಗೂ ಹುಡುಗಿಗೆ ಆ 30 ದಿನ ಭಾಳ ಅಪಾಯದ ದಿನ. ಇಬ್ಬರೂ ಹಿಂದೂ ಕಾಯ್ದೆಯೊಳಗ ಬರೂದಿದ್ದರ, ಮಾದಿಗರ ಹುಡುಗ, ಲಿಂಗಾಯತರ ಹುಡುಗಿ ಅಂತ ತಿಳೀರಿ, ವಿಧಿಪ್ರಕಾರ ಮದುವಿ ಮಾಡಿ ಅದರೊಳಗನ ನೋಂದಣಿ ಮಾಡಸಬೋದು, ನೋಟಿಸಿನ ಗೊಡವಿ ಇಲ್ಲ. ಒಬ್ಬರು ಮುಸಲ್ಮಾನರೋ ಕ್ರೈಸ್ತರೋ ಇದ್ದು ಧರ್ಮ ಬದಲಿ ಮಾಡ್ಕೊಳ್ಳಾಂಗಿಲ್ಲ ಅಂದ್ರ ಮಾತ್ರ ವಿಶೇಷ ಕಾಯ್ದೆ ಬೇಕು.

ಗುಮ್ಮಟದ ನೆರಳು

ಸರಿ, ನೀವು ಹೇಳಿದ ಹಾಗೆಯೇ. ಅಂತರಧರ್ಮೀಯರಿಗೆ ಎಂದು ಓದಿಕೊಳ್ಳಿ. ಆ ಜೋಡಿಗಳ ನೋಟಿಸನ್ನು ಜಯಂತಿಗೆ 40 ದಿನ ಮೊದಲಾದರೂ ಕೊಡಿಸಿ, ಇಬ್ಬರಲ್ಲಿ ಒಬ್ಬರು ಅದೇ ಜಿಲ್ಲೆಯಲ್ಲಿ 30 ದಿನ ವಾಸವಿದ್ದ ದಾಖಲೆಯೂ ಬೇಕು.

ಮುಂಗಾರಿ ಜ್ವಾಳ

ಇನ್ನೊಂದು. ಅಂತರ್ಜಾತಿ ಜೋಡಿನ ವೇದಿಕೆ ಮ್ಯಾಲ ನಿಲ್ಲಿಸಿ ಚಪ್ಪಾಳಿ ಹೊಡದು ಮನಿಗೆ ಕಳಿಸಿದ್ರ ಕೆಲಸ ಮುಗೀಲಿಲ್ಲ. 2023ರ ಡಿಸೆಂಬರಿನಾಗ ಬೆಳಗಾವಿ ತಾಲೂಕಿನ ಹೊಸ ವಂಟಮುರಿ ಒಳಗ, ಹುಡುಗ ಹುಡುಗಿ ಊರು ಬಿಟ್ಟು ಹೋಗಿದ್ದಕ್ಕ ಹುಡುಗನ ತಾಯಿಗೆ ಊರ ನಡುವ ಮಾಡಿದ ಹಿಂಸಾಕ್ಕ ಹೈಕೋರ್ಟು ತಾನಾಗೇ ಪ್ರಕರಣ ಎತ್ಕೊಂಡಿತ್ತು. ಅಂದ್ರ ಜೋಡಿ ಸುರಕ್ಷಿತ ಇದ್ದರೂ ಮನ್ಯಾಗ ಉಳದವರಿಗೆ ಪೆಟ್ಟು ಬೀಳತೈತಿ. ಸುಪ್ರೀಂ ಕೋರ್ಟು 2018ರ ಶಕ್ತಿವಾಹಿನಿ ತೀರ್ಪಿನಾಗ ಇಂಥ ಜೋಡಿಗೂ ಕುಟುಂಬಕ್ಕೂ ರಕ್ಷಣಾ ಕೊಡಬೇಕು, ಜಿಲ್ಲಾಕ್ಕೊಂದು ವಿಶೇಷ ಘಟಕ ಇರಬೇಕು, ಸುರಕ್ಷಿತ ಮನಿ ಮಾಡಬೇಕು ಅಂತ ಹೇಳೈತಿ. ಮದುವಿಗೆ ಮೊದಲ ಜಿಲ್ಲಾ ಎಸ್‌ಪಿ ಅವರಿಗೆ ಜೋಡಿನ ಸಹಿ ಮಾಡಿದ ಅರ್ಜಿ ಕೊಡ್ರಿ, ಎರಡೂ ಮನಿ ವಿಳಾಸ ಹಾಕ್ರಿ. ಮದುವಿ ಆದ ಮ್ಯಾಲ ಮೂರು ತಿಂಗಳು ಆ ಎರಡೂ ಊರಾಗ ಬಳಗದವರು ಹೋಗಿ ಬರೂದು ಇರಬೇಕು.

ಒಲೆ ಮುಂದಿನಾಕಿ

ಕಾಯ್ದೆ ಆತು, ಇನ್ನ ಅಡಿಗಿ ಮಾತು. ಜಾತಿ ಎಲ್ಲೆ ಉಳದೈತಿ ಅಂತ ನೋಡಬೇಕಂದ್ರ ಒಲಿ ಮುಂದ ಬಂದು ನಿಂದರ್ರಿ.

25 ಜೋಡಿ, ಎರಡೂ ಕಡೆ ಇಪ್ಪತ್ತಿಪ್ಪತ್ತು ಮಂದಿ ಅಂದ್ರ 1000, ಸೇವಾ ಮಾಡವರು ಸೇರಿ 1200 ಹಿಡೀರಿ. ಕುಟ್ಟಿದ ಗೋಧಿ 50 ಕಿಲೋ, ಬೆಲ್ಲ 50 ಕಿಲೋ, ಅಕ್ಕಿ 90, ತೊಗರಿಬ್ಯಾಳಿ 30, ಬದನಿಕಾಯಿ 100. ತಲಿಗೊಂದು ಕಟಕ ರೊಟ್ಟಿ ಅಂದ್ರ 80 ಕಿಲೋ ಜ್ವಾಳದ ಹಿಟ್ಟು, ಕಿಲೋಕ್ಕ 15 ತೆಳ್ಳನ ರೊಟ್ಟಿ. ರೊಟ್ಟಿ ಸ್ವಸಹಾಯ ಸಂಘದವರಿಗೆ ನಾಲ್ಕು ದಿನ ಮೊದಲ ಹೇಳ್ರಿ, ಪೂರ್ತಿ ಆರಿದ ಮ್ಯಾಲ ಅರಿವಿ ಹಾಸಿದ ಬುಟ್ಟ್ಯಾಗ ಇಡ್ರಿ. ಬಿಸಿ ಇದ್ದಾಗ ಪ್ಲಾಸ್ಟಿಕ್ ಚೀಲದಾಗ ತುಂಬಿದ್ರ ಬೆವತು ಬೂಷ್ಟ ಹಿಡೀತಾವ. ಹುಗ್ಗಿಗೆ ಗೋಧಿ ಹಿಂದಿನ ರಾತ್ರಿ ನೆನಿ ಹಾಕ್ರಿ, ಬೆರಳಾಗ ಹಿಚುಕಿದ್ರ ಮೆತ್ತಗಾಗೂತನಕ ಬೆಲ್ಲ ಹಾಕಬ್ಯಾಡ್ರಿ. ಮೊದಲ ಬೆಲ್ಲ ಬಿದ್ರ ಕಾಳು ಬಿರುಸಾಗಿ ಕುದಿಯೂದೇ ಇಲ್ಲ. 60 ಲೀಟರ್ ಮೊಸರಿಗೆ 180 ಲೀಟರ್ ನೀರು ಹಾಕಿ ಕಡದ್ರ ಎಲ್ಲರಿಗೂ ಒಂದೊಂದು ಗ್ಲಾಸ್ ಮಜ್ಜಿಗಿ. ಆ ಹೊತ್ತಿನ ಬಿಸಲಾಗ ಕುಡಿಯೂ ನೀರು ತಲಿಗೆ 3 ಲೀಟರ್ ಬೇಕು, ಕೈ ತೊಳೀಲಿಕ್ಕೆ, ಭಾಂಡೆಕ್ಕ ಬ್ಯಾರೆ ಟ್ಯಾಂಕರ್. ಊಟ 12ಕ್ಕ ಶುರು ಆಗಲಿ. ಮಂತ್ರಿಗಳ ಭಾಷಣ ಊಟಕ್ಕ ಮುಂಚೆ ಇಡಬ್ಯಾಡ್ರಿ, ಮದಮಗಳು ಉಪಾಸ ಇರತಾಳ, ಅನ್ನ ಹಳಸತೈತಿ.

ಈಗ ಮುಖ್ಯ ಮಾತು. ಪಂಕ್ತಿಯೊಳಗ ಎಲ್ಲಾರೂ ಕೂಡಿ ಕುಂದರತಾರ, ಅದಕ್ಕ ಈಗ ಯಾರೂ ತಕರಾರು ಮಾಡೂದಿಲ್ಲ. ತಕರಾರು ಬರೂದು ಅಡಿಗಿ ಯಾರು ಮಾಡಿದ್ರು ಅನ್ನೂದ್ರಾಗ. ಬೀಗರು ಮೆಲ್ಲಕ ಬಂದು, ಅಡಿಗಿಯವರು ಯಾವ ಮಂದಿ ಅಂತ ಕೇಳತಾರ. ಸಂಘಟಕರು ಜಗಳ ಬ್ಯಾಡ ಅಂತ ಒಂದ ಜಾತಿ ಅಡಿಗಿಯವರನ್ನ ಗುತ್ತಿಗಿ ಹಿಡೀತಾರ, ಎಂಜಲ ಎಲಿ ಎತ್ತಾಕ ಮತ್ತ ದಲಿತರ ಓಣಿ ಹೆಣ್ಮಕ್ಕಳನ್ನ ಕರಸತಾರ. ಇದಕ್ಕ ಚೀಟಿ ಎತ್ತರ್ರಿ. ಹುಗ್ಗಿ, ಅನ್ನ, ಪಲ್ಯ, ಬಡಸೂದು, ಎಲಿ ಎತ್ತೂದು, ಭಾಂಡೆ ಎಲ್ಲಾದಕ್ಕೂ ಚೀಟಿ, ಅಧ್ಯಕ್ಷರ ಹೆಸರೂ ಆ ಡಬ್ಬ್ಯಾಗ ಇರಲಿ. ಹಿಂದಿನ ಭಾನುವಾರ ಪ್ರಾರ್ಥನಾದಾಗ ಎತ್ತಿ, ಹೆಸರು ಬೋರ್ಡಿಗೆ ಬರೀರಿ. ಅರ್ಜಿ ಕೊಡಾಕ ಬಂದ ಬೀಗರಿಗೆ ಇದನ್ನ ಮೊದಲ ಓದಿ ಹೇಳ್ರಿ, ಒಪ್ಪದವರು ಅಂದ ಹೋಗಲಿ. ಶೌಚಾಲಯದ ಗುಂಡಿ ತುಂಬಿದ್ರ ಯಂತ್ರದ ಗಾಡಿ ತರಸ್ರಿ, ಮನುಷ್ಯಾರನ್ನ ಇಳಸೂದು ಮಲ ಹೊರೂ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ.

ಕಾಯಕ ನಂಬಿದವ

ಇಳಕಲ್ಲಿನ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ದುಶ್ಚಟಗಳನ್ನು ಭಿಕ್ಷೆ ಬೇಡಿದವರು, ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ವರರಿಂದ ಕುಡಿತ ಬಿಡುವ ಪ್ರತಿಜ್ಞೆ ಮಾಡಿಸಿ, ಅದನ್ನೇ ಅರ್ಹತೆಯ ಮೊದಲ ಷರತ್ತಾಗಿಸಿ.

ಇಳಕಲ್ ಸೆರಗು

ಜೋಳಿಗೆಯ ಬಗ್ಗೆ ನನಗೂ ಗೌರವವಿದೆ, ಷರತ್ತಿನ ಬಗ್ಗೆ ಒಪ್ಪಿಗೆ ಇಲ್ಲ. ಮದುವೆ ಬೇಕೆಂದವರು ಪ್ರತಿಜ್ಞೆ ಮಾಡಿಯೇ ಮಾಡುತ್ತಾರೆ. ದಿನಾ ಕುಡಿಯುವ ದೇಹ ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅಂಥವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರ ನಂಬರು ಕೊಡಬೇಕು. ವಧುವಿಗೆ ಮಾತ್ರ ಮೊದಲೇ ಸತ್ಯ ತಿಳಿಯಬೇಕು. ಅವಳನ್ನು ಬೀಗರಿಲ್ಲದ ಕಡೆ, ಒಬ್ಬಳೇ ಕೂರಿಸಿ ಮಾತಾಡಿಸಿ. ಒಪ್ಪಿಗೆ ಇದೆಯೇ ಎಂದು ಕೇಳುವುದೂ ಆಗಲೇ.

ಸಂಗಮದ ಸಂಜೆ

ಅರ್ಜಿ ನಮೂನೆಯ ಬಗ್ಗೆ ಒಂದು ಮಾತು. ತಂದೆಯ ಹೆಸರು ಎಂಬ ಕಾಲಂ ಕಡ್ಡಾಯ ಮಾಡಬೇಡಿ, ತಾಯಿಯ ಹೆಸರು ಸಾಕು ಎಂದಿರಲಿ. ನಮ್ಮ ಭಾಗದಲ್ಲಿ ಮಾಜಿ ದೇವದಾಸಿಯರ ಮಕ್ಕಳು ಆ ಒಂದು ಕಾಲಂ ಕಂಡೇ ಅರ್ಜಿ ಮಡಚಿ ಎದ್ದು ಹೋಗುತ್ತಾರೆ. ಮುತ್ತು ಕಟ್ಟುವುದು (ದೇವದಾಸಿಯಾಗಿ ಬಿಡುವುದು) 1982ರ ಕಾಯ್ದೆಯಿಂದ ಅಪರಾಧವಾಯಿತು, ಆ ಹೆಣ್ಣುಮಕ್ಕಳು ಮಾಡಿಕೊಂಡ ಮದುವೆ ಸಿಂಧು ಎಂದೂ ಅದೇ ಕಾಯ್ದೆ ಹೇಳಿತು. ಹಾಗೆಯೇ ಜಾತಿ ಕಾಲಮ್ಮನ್ನೂ ತೆಗೆಯಿರಿ.

ಮುಂಗಾರಿ ಜ್ವಾಳ

ತಂದಿ ಹೆಸರಿನ ಮಾತು ನೂರಕ್ಕ ನೂರು ಖರೆ. ಜಾತಿ ಕಾಲಂ ತಗದ್ರ ಮಾತ್ರ, ಅಂತರ್ಜಾತಿ ವಿವಾಹದ ಪ್ರೋತ್ಸಾಹಧನಕ್ಕ ಸಮಾಜ ಕಲ್ಯಾಣ ಇಲಾಖೆಗೆ ಅರ್ಜಿ ಹಾಕೂದು ಹೆಂಗ? ಅಲ್ಲೆ ಇಬ್ಬರ ಜಾತಿ ಪ್ರಮಾಣಪತ್ರನೂ ಕೇಳತಾರ. ಮದುವಿ ಆಗಿ ಗುಳೆ ಹೋದವರನ್ನ ಹುಡುಕಿ ತರಾಕ ಆಗೂದಿಲ್ಲ.

ಸಂಗಮದ ಸಂಜೆ

ಆಯ್ಕೆ ಮುಗಿದ ಮೇಲೆ ಬೇರೆ ಹಾಳೆಯಲ್ಲಿ ತೆಗೆದುಕೊಳ್ಳಿ, ಅದು ನೆರವು ಕೇಂದ್ರದ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಆಯ್ಕೆ ಸಮಿತಿಯ ಕಣ್ಣಿಗೆ ಬೀಳಬಾರದು.

ಮುಂಗಾರಿ ಜ್ವಾಳ

ಹಂಗಾದ್ರ ಜಾತಿ ದಾಟಿದ ಜೋಡಿಗೆ ಮೊದಲ ಅವಕಾಶ ಕೊಡೂದು ಹೆಂಗ? ಸಮಿತಿಗೆ ಗೊತ್ತಾಗಲೇಬೇಕಲ್ಲ. 25ರಾಗ 5 ಜಾಗ ಅವರಿಗೆ ಅಂತ ಮೊದಲ ಬರೀರಿ, ಅರ್ಜ್ಯಾಗ ‘ನಮ್ಮದು ಅಂತರ್ಜಾತಿ ಮದುವಿ’ ಅಂತ ಒಂದು ಗೆರಿ ಇರಲಿ, ಯಾವ ಜಾತಿ ಅಂತ ಕೇಳೂದು ಬ್ಯಾಡ.

ಘಟಪ್ರಭಾ ದಂಡೆ

ಈ ಗೆರೆ, ತಾಯಿಯ ಹೆಸರಿನ ಕಾಲಂ, ಅಡಿಗೆಯ ಚೀಟಿ ಮೂರನ್ನೂ ಭಾನುವಾರದ ಸಭೆಗೆ ಒಯ್ಯುತ್ತೇನೆ. ಐದು ಜಾಗಕ್ಕೆ ವಿರೋಧ ಬಂದೇ ಬರುತ್ತದೆ. ಸಂಖ್ಯೆ 25ರಿಂದ 15ಕ್ಕೆ ಇಳಿಸಿದರೆ ಉಳಿಯುವ ಹಣದಲ್ಲಿ ನೆರವು ಕೇಂದ್ರಕ್ಕೆ ಒಬ್ಬರನ್ನು ಸಂಬಳಕ್ಕೆ ಇಡಬಹುದೇ ಎಂದು ಖಜಾಂಚಿಯವರಿಂದ ಲೆಕ್ಕ ಕೇಳಿದ್ದೇನೆ. ಹಾಸ್ಟೆಲ್ ಅರ್ಜಿಯ ಕೆಲಸ ಮಾತ್ರ ಕಲ್ಯಾಣ ಆಗಲಿ, ಬಿಡಲಿ, ಈ ಮೇ ತಿಂಗಳಿನಿಂದಲೇ ಶುರು.