ತೊಗರಿಕಾಳು ಇಟ್ಟು ಅವಿಭಾಜ್ಯ ಸಂಖ್ಯೆ ಹೇಳಿಕೊಟ್ಟರೆ ತಪ್ಪಾ?

ಸೇಡಂ ಮಾಸ್ತರ್: ನಿನ್ನೆ ಓಣಿಯ ಮಕ್ಕಳ ಮುಂದೆ ತೊಗರಿಕಾಳು ಸುರಿದೆ. 12 ಕಾಳನ್ನು ನಾಲ್ಕು ನಾಲ್ಕರಂತೆ ಮೂರು ಸಾಲು ಇಡಬಹುದು. 13 ಕಾಳು ಒಂದೇ ಸಾಲು, ಹೇಗೆ ಇಟ್ಟರೂ ಸರಿಹೊಂದುವುದಿಲ್ಲ. ಅದೇ ಅವಿಭಾಜ್ಯ ಸಂಖ್ಯೆ. ಇವು ಮುಗಿಯುವುದೇ ಇಲ್ಲ ಎಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ತೋರಿಸಿದ್ದಾನೆ. ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ, ಹೊಸ ಅವಿಭಾಜ್ಯ ಬರುತ್ತದೆ. ಎಷ್ಟು ಚಂದ ಅಲ್ವಾ?

ಬೀದರ್ ಕೋಟೆ: "ಹೊಸ ಅವಿಭಾಜ್ಯ ಬರುತ್ತದೆ" ಅನ್ನೋದು ತಪ್ಪು ಸರ್. 2×3×5×7×11×13 ಅಂದರೆ 30030. 1 ಕೂಡಿಸಿದರೆ 30031. ಅದು 59×509. ಮಕ್ಕಳಿಗೆ ಸುಳ್ಳು ಹೇಳಬೇಡಿ.

ಸೇಡಂ ಮಾಸ್ತರ್: ಸುಳ್ಳು ಅನ್ನಬೇಡಿ. 30031ನ್ನು 2, 3, 5, 7, 11, 13 ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಹಾಗಾಗಿ ಅದನ್ನು ಭಾಗಿಸುವ ಅವಿಭಾಜ್ಯ ನಮ್ಮ ಪಟ್ಟಿಯಾಚೆಯದೇ ಆಗಬೇಕು. 59 ಪಟ್ಟಿಯಲ್ಲಿತ್ತಾ? ಹೊಸದು ಸಿಕ್ಕಿತು ತಾನೇ?

ಬೀದರ್ ಕೋಟೆ: ಹಾಗಂತ ಮೊದಲೇ ಬರೆಯಬೇಕಿತ್ತು.

ಮಳಖೇಡದ ಮಣ್ಣು: ಸೇಡಂನವರಾಗಿ ಯೂಕ್ಲಿಡ್ ಯಾಕೆ ಸರ್? ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಿಮ್ಮ ತಾಲೂಕಿನಲ್ಲೇ ಇದೆ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯರು ಇಲ್ಲೇ ಕೂತು ಗಣಿತಸಾರಸಂಗ್ರಹ ಬರೆದರು. ಅದರ ಲೆಕ್ಕ ನೋಡಿ: 27994681 × 441 = 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದನ್ನು ಹೇಳಿಕೊಡಿ.

ಯಾದಗಿರಿ ಅಕ್ಕ: "ಇಲ್ಲೇ ಕೂತು" ಅಂತ ಹೇಗೆ ಹೇಳ್ತೀರಿ? ಪುಸ್ತಕದ ಆರಂಭದಲ್ಲಿ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಅದರಿಂದ ಕಾಲ ಗೊತ್ತಾಗುತ್ತದೆ, ಬರೆದ ಊರು ಗೊತ್ತಾಗುವುದಿಲ್ಲ.

ಮಳಖೇಡದ ಮಣ್ಣು: ರಾಜನನ್ನು ಹೊಗಳಿದವರು ರಾಜಧಾನಿ ಬಿಟ್ಟು ಎಲ್ಲಿರುತ್ತಾರೆ? ನಮ್ಮ ಊರಿನ ಹೆಸರು ಬಂದರೆ ನಿಮಗೆ ಯಾಕೆ ಹೊಟ್ಟೆಯುರಿ?

ಯಾದಗಿರಿ ಅಕ್ಕ: ಹೊಟ್ಟೆಯುರಿ ಅಲ್ಲ ತಮ್ಮಾ, ನನಗೂ ಅವರ ಮೇಲೆ ಅಭಿಮಾನ ಜಾಸ್ತಿ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಆ ಕಾಲದಲ್ಲೇ ಹೇಳಿದವರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದೂ ಬರೆದಿದ್ದಾರೆ. ಅದು ತಪ್ಪು.

ಮಳಖೇಡದ ಮಣ್ಣು: ತಪ್ಪು ಅನ್ನೋಕೆ ನೀವ್ಯಾರು? ಕೈಯಲ್ಲಿರುವ ಐದು ರೊಟ್ಟಿಯನ್ನು ಯಾರಿಗೂ ಹಂಚದಿದ್ದರೆ ಐದೂ ಉಳಿಯುತ್ತವೆ. ಅವರು ಹೇಳಿದ್ದು ಅದನ್ನೇ.

ಬೀದರ್ ಕೋಟೆ: ಹಂಚದೇ ಇಟ್ಟುಕೊಳ್ಳುವುದು ಭಾಗಾಕಾರ ಅಲ್ಲ. 5ನ್ನು 0ಯಿಂದ ಭಾಗಿಸಿ 5 ಬಂದರೆ, 5×0 ಕೂಡ 5 ಆಗಬೇಕು. ಆಗುತ್ತಾ? ಸುಮ್ನೆ ವಾದ ಮಾಡಬೇಡಿ.

ಮಳಖೇಡದ ಮಣ್ಣು: ಇಡೀ ಪುಸ್ತಕ ಬಿಟ್ಟು ಒಂದು ಸಾಲು ಹಿಡಿದು ಜಗ್ಗುತ್ತೀರಿ. ಅಷ್ಟು ದೊಡ್ಡವರನ್ನು ಹೀಗೆ ಅಳೆಯಬಾರದು.

ಯಾದಗಿರಿ ಅಕ್ಕ: ಊರಿನ ವಿಷಯಕ್ಕೆ ಇನ್ನೂ ಉತ್ತರ ಬರಲಿಲ್ಲ.

ಸೇಡಂ ಮಾಸ್ತರ್: ನಾನು ಕೇಳಿದ್ದು ಕಾಳಿನ ವಿಷಯ. 91 ಅವಿಭಾಜ್ಯ ಎಂದು ಹಟ ಹಿಡಿದಿದ್ದ ಹುಡುಗಿ ಇವತ್ತು ತಾನೇ ಬಂದು ಹದಿಮೂರರಂತೆ ಏಳು ಸಾಲು ಇಟ್ಟು ತೋರಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೀದರ್ ಕೋಟೆ: ಒಳ್ಳೆಯದು ಸರ್. ಮೇಲಿನ ಆ ಸಾಲು ಇನ್ನೂ ತಿದ್ದಿಲ್ಲ ನೋಡಿ.