ಅನುಭವ ಹಂಚಿಕೆ: ಗಿರಣಿಯ ಕೆಟ್ಟ ಸುದ್ದಿ ಕಚೇರಿಗೆ ಸಕಾಲದಲ್ಲಿ ತಲುಪಬೇಕಾದರೆ ಏನು ಮಾಡಬೇಕು?

ಕೇಳಿದವರು: ದಾವಣಗೆರೆಯ ಅಕ್ಕಿ ಗಿರಣಿಯೊಂದರ ಉಸ್ತುವಾರಿ ಹೊತ್ತವರು

ತಂದೆಯವರು ಕಟ್ಟಿ ಬೆಳೆಸಿದ ಅಕ್ಕಿ ಗಿರಣಿಯ ಉಸ್ತುವಾರಿ ಈಗ ನನ್ನ ಪಾಲಿಗೆ ಬಂದಿದೆ. ಯಂತ್ರ ನಡೆಸುವವರು, ಲೆಕ್ಕ ಬರೆಯುವವರು, ಚಾಲಕರು, ಹಮಾಲರು ಎಲ್ಲ ಸೇರಿ ನಲವತ್ತರ ಆಸುಪಾಸು ಜನರಿದ್ದಾರೆ. ಕಳೆದ ಬೇಸಿಗೆ ಹಂಗಾಮಿನಲ್ಲಿ ಭತ್ತ ಸುಲಿಯುವ ಯಂತ್ರದ ರಬ್ಬರ್ ರೋಲ್ ಸವೆದಿತ್ತು. ಒತ್ತಡ ಹೆಚ್ಚಿಸಿ ಅದನ್ನೇ ಓಡಿಸಿದ್ದರಿಂದ ನುಚ್ಚು ಏರುತ್ತಲೇ ಹೋಯಿತು. ಇದು ಯಂತ್ರದ ಬಳಿ ನಿಂತವರಿಗೆಲ್ಲ ಗೊತ್ತಿದ್ದರೂ, ಖರೀದಿದಾರರು ಲಾರಿಯನ್ನು ವಾಪಸು ಕಳುಹಿಸುವವರೆಗೆ ನನ್ನ ಕಿವಿಗೆ ಬೀಳಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏನು ಹಾಕಿದರೂ ‘ಆಯ್ತು ಸರ್’ ಎಂಬ ಉತ್ತರವಷ್ಟೇ ಬರುತ್ತದೆ. ಇಂಥ ಸ್ಥಿತಿಯಿಂದ ಹೊರಬಂದ ಹಿರಿಯರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಹರಿಹರದ ಯಂತ್ರೋಪಕರಣ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು

ರೋಲ್ ಸವೆದಿದೆ ಎಂದು ಆ ಕೆಲಸಗಾರ ಮೊದಲ ದಿನವೇ ಬಂದು ಹೇಳಿದ್ದರೆ ಅವನಿಗೆ ಏನಾಗುತ್ತಿತ್ತು ಎಂಬುದನ್ನು ನೀವು ಮೊದಲು ಯೋಚಿಸಬೇಕು. ಶಹಭಾಸ್ ಎನ್ನುತ್ತಿದ್ದರೋ, ‘ನೀನೇನು ಮಾಡಿದೆ ಅದಕ್ಕೆ?’ ಎಂದು ಕೇಳುತ್ತಿದ್ದರೋ? ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯ ಕೆಲಸಗಾರರು ಲೇತ್‌ನ ಬೇರಿಂಗ್ ಸದ್ದು ಬದಲಾಗಿದೆ ಎಂದು ತಾವಾಗಿಯೇ ಬಂದು ತಿಳಿಸಿದಾಗ, ಅಂದಿನ ಅಧಿಕಾರಿಯೊಬ್ಬರು ಎಲ್ಲರೆದುರು ಅವರಿಗೇ ವಿವರಣೆ ಬರೆದುಕೊಡಲು ಹೇಳಿದ್ದರು. ಅಂದಿನಿಂದ ಆ ಸಾಲಿನ ಯಾವ ಯಂತ್ರದ ಸದ್ದೂ ಯಾರಿಗೂ ಕೇಳಿಸದಂತಾಯಿತು. ಮುಂದೆ ಬಂದ ಅಧಿಕಾರಿ ಮಾಡಿದ ಬದಲಾವಣೆ ಚಿಕ್ಕದು. ದೂರು ಬಂದಾಗ ‘ಯಾರು ಮಾಡಿದ್ದು?’ ಎನ್ನುವುದನ್ನು ಬಿಟ್ಟು ‘ಯಾವಾಗಿನಿಂದ ಹೀಗಿದೆ?’ ಎಂದು ಕೇಳತೊಡಗಿದರು. ಮೊದಲ ಪ್ರಶ್ನೆಗೆ ಜನ ತಪ್ಪಿಸಿಕೊಳ್ಳುವ ಉತ್ತರ ಹುಡುಕುತ್ತಾರೆ, ಎರಡನೆಯದಕ್ಕೆ ಕಂಡದ್ದನ್ನು ಹೇಳುತ್ತಾರೆ.

ಟೊಯೋಟಾ ಕಾರ್ಖಾನೆಗಳ ಆಂಡಾನ್ ಪದ್ಧತಿಯ ಬಗ್ಗೆ ನೀವು ಕೇಳಿರಬಹುದು. ಜೋಡಣೆಯ ಸಾಲಿನಲ್ಲಿ ಯಾವ ಕೆಲಸಗಾರನಾದರೂ ದೋಷ ಕಂಡೊಡನೆ ಹಗ್ಗ ಎಳೆಯಬಹುದು. ತಂಡದ ಮುಖ್ಯಸ್ಥ ಕೂಡಲೇ ಬರುತ್ತಾನೆ, ಗೊತ್ತಾದ ಅವಧಿಯೊಳಗೆ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಎಳೆದವನ ಬಳಿ ಪ್ರತಿ ಸಲವೂ ಯಾರಾದರೂ ಬರುತ್ತಾರೆ ಎಂಬ ನಂಬಿಕೆ ಹುಟ್ಟಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದಾಗ, ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚಾಗುತ್ತಿದೆ ಎಂಬುದಕ್ಕಿಂತ, ಅಲ್ಲಿನವರು ಅದನ್ನು ಮುಚ್ಚಿಡದೆ ಹೇಳುತ್ತಿದ್ದಾರೆ ಎಂಬುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಆದ್ದರಿಂದ ಮೊದಲ ಕೆಲವು ತಿಂಗಳು ನಿಮ್ಮಲ್ಲಿ ದೂರುಗಳು ಹೆಚ್ಚಾದರೆ ಗಾಬರಿಯಾಗಬೇಡಿ.

ನಿಮ್ಮ ಗಿರಣಿಗೆ ಒಂದು ಪಾಳಿ ಪುಸ್ತಕ ಸಾಕು. ಅದು ಕಚೇರಿಯ ಮೇಜಿನ ಮೇಲಿರಬಾರದು. ಸುಲಿಯುವ ಯಂತ್ರದ ಪಕ್ಕದ ಕಂಬಕ್ಕೆ ಹುರಿಯಲ್ಲಿ ಪೆನ್ನಿನ ಸಮೇತ ಕಟ್ಟಿರಬೇಕು, ತೌಡಿನ ಧೂಳು ಹಿಡಿದರೂ ಚಿಂತೆಯಿಲ್ಲ. ಕಂಡದ್ದೇನು, ನೋಡುವವರು ಯಾರು, ಮಾಡಿದ್ದೇನು ಎಂಬ ಮೂರು ಅಂಕಣಗಳಿರಲಿ. ಮೂರನೆಯದನ್ನು ನೀವೇ ನಿಮ್ಮ ಕೈಬರಹದಲ್ಲಿ ಅದೇ ದಿನ ತುಂಬಬೇಕು. ಹೊಸ ರೋಲ್ ತರಿಸಲು ಈ ವಾರ ದುಡ್ಡಿಲ್ಲ ಎಂದಾದರೆ ಅದನ್ನೇ ಬರೆಯಿರಿ. ಆಗುವುದಿಲ್ಲ ಎಂಬ ಉತ್ತರವನ್ನು ಜನ ಸಹಿಸುತ್ತಾರೆ, ಉತ್ತರವೇ ಇಲ್ಲದಿದ್ದರೆ ಬರೆಯುವುದನ್ನು ಬಿಡುತ್ತಾರೆ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು

ಮೇಲಿನ ಹಿರಿಯರ ಮಾತನ್ನು ಒಪ್ಪುತ್ತಲೇ ದುಡ್ಡಿನ ವಿಷಯ ಸೇರಿಸುತ್ತೇನೆ, ಏಕೆಂದರೆ ಬಟವಾಡೆಯಲ್ಲಿ ಅನುಮಾನವಿದ್ದ ಕಡೆ ಯಂತ್ರದ ಬಗ್ಗೆಯೂ ಯಾರೂ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆದು ನೋಡಿ, ‘ನಮ್ಮಿಂದ 1,800 ರೂಪಾಯಿ ಹಿಡಿದು ಸಾಹುಕಾರರು ತಮ್ಮ ಪಾಲು ಬರೀ 550 ಕಟ್ಟಿದ್ದಾರೆ, ಉಳಿದದ್ದನ್ನು ನುಂಗಿದ್ದಾರೆ’ ಎಂದು ಮಾತಾಡಿಕೊಂಡಿದ್ದರು. ಆ ಮಾತು ಕಚೇರಿಯನ್ನು ಮುಟ್ಟುವ ಹೊತ್ತಿಗೆ ಇಡೀ ಗಿರಣಿಯಲ್ಲಿ ಹಬ್ಬಿತ್ತು. ವಾಸ್ತವವೆಂದರೆ 15,000 ರೂಪಾಯಿ ಸಂಬಳಕ್ಕೆ ಮಾಲೀಕರೂ ಶೇಕಡ 12ರಂತೆ 1,800 ರೂಪಾಯಿಯನ್ನೇ ಕಟ್ಟುತ್ತಾರೆ. ಅದರಲ್ಲಿ ಶೇಕಡ 8.33, ಅಂದರೆ 1,250 ರೂಪಾಯಿ, ಪಿಂಚಣಿ ಖಾತೆಗೆ ಹೋಗಿ ಪಾಸ್‌ಬುಕ್ಕಿನ ಬೇರೆ ಅಂಕಣದಲ್ಲಿ ಕಾಣುತ್ತದೆ. ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರವರ ಮೊಬೈಲಿನಲ್ಲಿಯೇ ಆ ಎರಡು ಅಂಕಣಗಳನ್ನು ಬೆರಳಿಟ್ಟು ತೋರಿಸಿ, ಅವರಿಂದಲೇ ಕೂಡಿಸಿ ನೋಡಿಸಿದೆ. ಸೂಚನಾ ಫಲಕದಲ್ಲಿ ಅಂಟಿಸಿದ್ದ ವಿವರಣೆಯಿಂದ ಆಗದ ಕೆಲಸ ಇದರಿಂದ ಆಯಿತು.

ಇಎಸ್‌ಐಗೆ ಕೆಲಸಗಾರರಿಂದ ಶೇಕಡ 0.75, ಮಾಲೀಕರಿಂದ ಶೇಕಡ 3.25 ಹೋಗುತ್ತದೆ ಎಂಬುದನ್ನೂ ಇದೇ ರೀತಿ ತಿಳಿಸಿ. ಕೊಟ್ಟ ಮುಂಗಡ ಎಷ್ಟು, ಈ ತಿಂಗಳು ಮುರಿದುಕೊಂಡದ್ದೆಷ್ಟು, ಬಾಕಿ ಎಷ್ಟು ಎಂಬುದು ಬಟವಾಡೆಯ ಚೀಟಿಯಲ್ಲಿ ಕನ್ನಡದಲ್ಲಿ ಇರಲಿ. ಸಂಬಳ ಮರುತಿಂಗಳ 7ರೊಳಗೆ ಕೈಸೇರಬೇಕೆಂಬುದು ಕಾನೂನು. ಯಾವುದೋ ಕಾರಣಕ್ಕೆ ತಡವಾಗುವುದಾದರೆ ಅದನ್ನು 5ನೇ ತಾರೀಕಿನಂದೇ ಹೇಳಬೇಕೇ ಹೊರತು 8ರಂದು ಕೇಳಿಸಿಕೊಂಡು ಅಲ್ಲ.

ದಾವಣಗೆರೆಯ ಸಿದ್ಧ ಉಡುಪು ಘಟಕವೊಂದರ ಮೇಲ್ವಿಚಾರಕಿ

ನಿಮ್ಮ ಬರಹದಲ್ಲಿ ಹೆಣ್ಣುಮಕ್ಕಳ ಪ್ರಸ್ತಾಪವಿಲ್ಲ, ಆದರೆ ಭತ್ತ ಒಣಗಿಸುವಲ್ಲಿಯೋ ಕಸ ಗುಡಿಸುವಲ್ಲಿಯೋ ಖಂಡಿತ ಇರುತ್ತಾರೆ. ಸಭೆ ಕರೆದು ‘ಏನಾದರೂ ಹೇಳುವುದಿದ್ದರೆ ಹೇಳಿ’ ಎಂದರೆ ನಮ್ಮ ಹೊಲಿಗೆ ಸಾಲಿನ ಒಬ್ಬಳೂ ತಲೆ ಎತ್ತುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚಿ ಅವರ ಪಕ್ಕದಲ್ಲೇ ಕುಳಿತಾಗ ಮಾತು ಬಂತು. ಕೊನೆಯ ಬಸ್ಸು ತಪ್ಪಿ ಹೋಗುವ ಭಯವಿರುವುದರಿಂದಲೇ ಸಂಜೆಯ ಕೊನೆಯ ಗಂಟೆಯಲ್ಲಿ ಹೊಲಿಗೆ ಕೆಡುತ್ತಿತ್ತು ಎಂಬುದು ನನಗೆ ತಿಳಿದದ್ದು ಅಲ್ಲಿಯೇ. ಬಿಡುವ ಹೊತ್ತನ್ನು ಸ್ವಲ್ಪ ಹಿಂದಕ್ಕೆ ತಂದೆವು, ವಾಪಸಾಗುವ ಬಟ್ಟೆ ಕಡಿಮೆಯಾಯಿತು.

ಎರಡು ಸಮಿತಿಗಳನ್ನು ಕಾಗದದ ಮೇಲಷ್ಟೇ ಉಳಿಸಬೇಡಿ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಇಬ್ಬದಿಯ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. 10 ಅಥವಾ ಹೆಚ್ಚು ಜನರಿರುವ ಕಡೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಮಹಿಳೆಯೇ ಅಧ್ಯಕ್ಷೆಯಾಗಿರುವ ಆಂತರಿಕ ಸಮಿತಿ ಬೇಕು. ಪ್ರತಿನಿಧಿಗಳನ್ನು ನೀವೇ ಹೆಸರಿಸಿ ಕೂರಿಸಿದರೆ ಅವರ ಮುಂದೆ ಯಾರೂ ಅಳಲು ತೋಡಿಕೊಳ್ಳುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪು ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ನಾಳೆ ರಜೆಯೇ ಎಂಬುದಕ್ಕಷ್ಟೇ ಇರಲಿ. ಅಲ್ಲಿ ಯಾರನ್ನೂ ಬೈಯಬಾರದು. ಗುಂಪಿನಲ್ಲಿ ಒಬ್ಬನನ್ನು ಬೈದರೆ, ಉಳಿದವರೆಲ್ಲರೂ ‘ಆಯ್ತು ಸರ್’ ಎನ್ನುವುದನ್ನು ಅಂದೇ ಕಲಿಯುತ್ತಾರೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ತೊಡಕನ್ನು ನಾನು ಬರೆದಿರಲಿಲ್ಲ. ತಂದೆಯವರು ಈಗಲೂ ಬೆಳಗ್ಗೆ ಬಂದು ಗದ್ದುಗೆಯ ಮೇಲೆ ಕೂರುತ್ತಾರೆ. ಹಳೆಯ ಕೆಲಸಗಾರರು ಮುಂಗಡಕ್ಕೂ ರಜೆಗೂ ನೇರವಾಗಿ ಅವರ ಬಳಿಗೇ ಹೋಗುತ್ತಾರೆ, ನಾನು ಬೇಡವೆಂದದ್ದನ್ನು ಅವರು ಕೊಟ್ಟಿರುತ್ತಾರೆ.

ಚಿತ್ರದುರ್ಗದಲ್ಲಿ ಅಣ್ಣತಮ್ಮಂದಿರು ಕೂಡಿ ನಡೆಸುವ ಜವಳಿ ವ್ಯಾಪಾರಸ್ಥರಲ್ಲಿ ಕಿರಿಯರು

ಇದು ನಮ್ಮ ಅಂಗಡಿಯಲ್ಲಿಯೂ ಇತ್ತು. ಎರಡು ಕಡೆಯಿಂದ ಎರಡು ಅಪ್ಪಣೆ ಬಂದಾಗ ಕೆಲಸದವರು ಮೌನವಾಗಿರುವುದು ಹೆದರಿಕೆಯಿಂದಲ್ಲ, ಯಾರ ಮಾತು ನಡೆಯುತ್ತದೆ ಎಂದು ಕಾದು ನೋಡುವುದರಿಂದ. ತಂದೆಯವರನ್ನು ಬದಿಗೆ ಸರಿಸಲು ಹೋಗಬೇಡಿ; ಹಳಬರು ಅವರ ಬಳಿ ಹೇಳಿಕೊಳ್ಳುವುದು ನಿಮಗೆ ಸಿಕ್ಕಿರುವ ಭಾಗ್ಯ, ಅಷ್ಟು ವರ್ಷಗಳ ಒಡನಾಟ ನಿಮ್ಮ ಹತ್ತಿರ ಇನ್ನೂ ಇಲ್ಲ. ನಮ್ಮ ಅಣ್ಣನವರೂ ನಾನೂ ಒಂದು ಕಟ್ಟುಪಾಡು ಮಾಡಿಕೊಂಡೆವು: ಕೇಳಿಸಿಕೊಳ್ಳುವುದು ಇಬ್ಬರೂ, ಕೊಡುವುದು ಒಬ್ಬರೇ. ಯಾರಾದರೂ ಮುಂಗಡ ಕೇಳಿದರೆ ಅಣ್ಣನವರು ‘ತಮ್ಮನ ಹತ್ತಿರ ಮಾತಾಡಿ ಸಂಜೆ ಹೇಳುತ್ತೇನೆ’ ಎನ್ನುತ್ತಾರೆ, ಸಂಜೆ ತಪ್ಪದೆ ಹೇಳುತ್ತಾರೆ. ಅಂಗಡಿ ತೆರೆಯುವ ಮುನ್ನ ನಾವಿಬ್ಬರೇ ಚಹಾ ಕುಡಿಯುತ್ತ ಆ ದಿನದ ವಿಷಯಗಳನ್ನು ಮಾತಾಡಿಕೊಳ್ಳುತ್ತೇವೆ. ಭಿನ್ನಾಭಿಪ್ರಾಯವಿದ್ದರೆ ಅದು ಅಲ್ಲಿಯೇ ಮುಗಿಯಬೇಕು.

ಭದ್ರಾ ನಾಲೆಯ ಕೊಯ್ಲು ಶುರುವಾದ ಮೇಲೆ ನಿಮಗೂ ತಂದೆಯವರಿಗೂ ಮಾತಾಡಲು ಪುರಸೊತ್ತು ಸಿಗುವುದಿಲ್ಲ. ಆದ್ದರಿಂದ ಈಗಲೇ ಅವರನ್ನು ಕೂರಿಸಿಕೊಂಡು ಮುಂಗಡ ಮತ್ತು ರಜೆ ಎರಡನ್ನಷ್ಟೇ ಇತ್ಯರ್ಥ ಮಾಡಿಕೊಳ್ಳಿ. ಪಾಳಿ ಪುಸ್ತಕದ ಮೊದಲ ಪುಟವನ್ನು ಅವರ ಕೈಯಿಂದಲೇ ಬರೆಸಿರಿ. ಹಳಬರು ಅದರಲ್ಲಿ ಬರೆಯಲು ಮುಂದಾಗುವುದು ಆ ಅಕ್ಷರ ನೋಡಿದ ಮೇಲೆಯೇ.