ದೊಡ್ಡಹಬ್ಬದ ರಜೆ, ಮೂವತ್ತನೆಯ ವಾರದ ಅವಳಿ ಬಸುರಿ: ಪ್ರಸೂತಿ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ಅವಳಿ ಮಕ್ಕಳ ನಿರೀಕ್ಷೆಯಲ್ಲಿರುವವರ ಪ್ರಶ್ನೆಗಳಿಗೆ ನಮ್ಮ ಗುಂಪಿನ ಪ್ರಸೂತಿ ತಜ್ಞೆಯವರು ಇಂದು ಬೆಳಿಗ್ಗೆ 10 ಗಂಟೆಯಿಂದ ಉತ್ತರಿಸಲಿದ್ದಾರೆ. ದೀಪಾವಳಿ ಅಮಾವಾಸ್ಯೆಯ ದಿನವೂ ಅವರು ಕರ್ತವ್ಯದಲ್ಲಿರುವುದರಿಂದ, ಉತ್ತರ ತಡವಾದರೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಹಾಕಬಾರದಾಗಿ ವಿನಂತಿ.

ಜೋಡಿಮಲ್ಲಿಗೆ: ನಮಸ್ಕಾರ ಮೇಡಂ. ನನಗೀಗ 21 ವಾರ, ಅವಳಿ. ಗರ್ಭಕೋಶದ ಬಾಯಿಗೆ ಮೊದಲೇ ಹೊಲಿಗೆ ಹಾಕಿಸಿಕೊಂಡರೆ ದಿನ ತುಂಬುವವರೆಗೆ ಭಯವಿಲ್ಲ ಎಂದು ನಾದಿನಿ ಹೇಳುತ್ತಾರೆ. ಹಾಕಿಸಿಕೊಳ್ಳಲೇ?

ವೈದ್ಯೆ: ಅವಳಿ ಎಂಬ ಒಂದೇ ಕಾರಣಕ್ಕೆ ಹೊಲಿಗೆ ಹಾಕುವುದಿಲ್ಲ, ಅದರಿಂದ ಹೆರಿಗೆ ಮುಂದೆ ಹೋಗುವುದೆಂದು ಸಾಬೀತಾಗಿಲ್ಲ. ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ ಭಾಗದ, ಉದ್ದವನ್ನು ಯೋನಿಯ ಮೂಲಕ ಮಾಡುವ ಒಳಸ್ಕ್ಯಾನಿನಲ್ಲಿ ಅಳೆಸಿಕೊಳ್ಳಿ. 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಮುಂದಿನದನ್ನು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ.

ಮಲೆನಾಡ ಮಗಳು: ಮೇಡಂ, ನನಗೆ 28 ವಾರ. ಮುಂದಿನ ವಾರ ಸೀಮಂತವಿದ್ದು, ಮೂರು ಗಂಟೆ ಹಸೆಯ ಮೇಲೆ ಕುಳಿತಿರಬೇಕಾಗುತ್ತದೆ. ಕುಳಿತುಕೊಳ್ಳಬಹುದೇ?

ಸಾಗರ ಸೀಮೆಯ ಅಳಿಯ: ಡಾಕ್ಟರ್ ಮೇಡಂ, ದಯವಿಟ್ಟು ಇದನ್ನು ಮೊದಲು ನೋಡಿ. ನನ್ನ ಹೆಂಡತಿಗೆ 30 ವಾರ 2 ದಿನ. ಅವಳಿ, ಎರಡಕ್ಕೂ ಬೇರೆ ಬೇರೆ ಮಾಸು. ಹಬ್ಬಕ್ಕೆಂದು ಬೆಂಗಳೂರಿನಿಂದ ಮಾವನ ಮನೆಗೆ ಬಂದಿದ್ದೇವೆ; ಊರು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಒಳಗೆ. ನಿನ್ನೆ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿದಳು, ಮಧ್ಯಾಹ್ನದಿಂದ ಹೊಟ್ಟೆ ಗಟ್ಟಿಯಾಗುವುದು, ಮತ್ತೆ ಸಡಿಲವಾಗುವುದು ನಡೆದಿದೆ. ಸೊಂಟ ಹಿಡಿದಂತೆ ನೋವಿದೆ. ಅತ್ತೆಯವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅಂಚಿನಲ್ಲಿಯೇ ನಾನು ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೇನೆ. ಇಂದು ಬೆಳಿಗ್ಗೆ 9:10, 9:19, 9:27, 9:34, 9:45, 9:53. ಇಲ್ಲಿ ತೋರಿಸಲು ಹೇಳಿದ್ದ ಖಾಸಗಿ ವೈದ್ಯರು ಪಾಡ್ಯ ಕಳೆದು ಬಿದಿಗೆಗೆ ಬಾಗಿಲು ತೆರೆಯುತ್ತಾರಂತೆ. ಇದು ಹುಸಿನೋವು, ಜೀರಿಗೆ ಕಷಾಯ ಕುಡಿದು ಮಲಗಿದರೆ ಸಾಕು ಎನ್ನುತ್ತಾರೆ ಅತ್ತೆ. ಬಿದಿಗೆಯವರೆಗೆ ಕಾಯಬಹುದೇ?

ಅಜ್ಜಿಮದ್ದು: ಇದೆಲ್ಲ ದೇಹದ ಉಷ್ಣ. ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: “ಬಿಸಿ ಹಾಲಿಗೆ ಎರಡು ಚಮಚ ಹರಳೆಣ್ಣೆ ಬೆರೆಸಿ ಕುಡಿಸಿದರೆ ಉಷ್ಣ ಇಳಿದು ನೋವು ತಕ್ಷಣ ನಿಲ್ಲುತ್ತದೆ, ಕನಿಷ್ಠ ಹತ್ತು ಗರ್ಭಿಣಿಯರಿಗೆ ತಲುಪಿಸಿ.”

ವೈದ್ಯೆ: ಹರಳೆಣ್ಣೆ ಕುಡಿಸಬೇಡಿ. ಅದು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ, ಜೊತೆಗೆ ಗರ್ಭಕೋಶವನ್ನೂ ಕೆರಳಿಸುತ್ತದೆ. ದಿನ ತುಂಬಿದವರಿಗೆ ನೋವು ಬರಿಸಲು ಹಿಂದಿನವರು ಕುಡಿಸುತ್ತಿದ್ದುದೇ ಇದನ್ನು. ನೋವು ನಿಲ್ಲಬೇಕಾದವಳಿಗೆ ನೋವು ಬರಿಸುವ ಎಣ್ಣೆ ಕುಡಿಸುವುದು ಯಾವ ಅಜ್ಜಿಯ ಮದ್ದೋ ನನಗೆ ತಿಳಿಯದು.

ಸಾಗರ ಸೀಮೆಯ ಅಳಿಯನವರೇ, ಕಾಯಬೇಡಿ. ಮೊದಲು 108ಕ್ಕೆ ಕರೆ ಮಾಡಿ, ಉಳಿದದ್ದನ್ನು ಆಮೇಲೆ ಓದಿ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ ಆ ಗಾಡಿಗೆ ಹಬ್ಬದ ರಜೆಯಿಲ್ಲ.

ಮುಕ್ಕಾಲು ಗಂಟೆಯಲ್ಲಿ ಆರು ಸಲ ಹೊಟ್ಟೆ ಬಿಗಿದಿದೆ, ಜೊತೆಗೆ ಸೊಂಟನೋವಿದೆ, ಹೊಟ್ಟೆಯಲ್ಲಿ ಎರಡು ಮಕ್ಕಳಿವೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ, ಈ ಲೆಕ್ಕವನ್ನು ಮನೆಯಲ್ಲಿ ಕುಳಿತು ಮುಂದುವರಿಸುವಂತಿಲ್ಲ. ಇದು ಹುಸಿನೋವೇ ಇರಬಹುದು; ಬಂದವರಲ್ಲಿ ಎಷ್ಟೋ ಜನ ನೋವು ನಿಂತು ಮನೆಗೆ ಮರಳುತ್ತಾರೆ. ಆದರೆ ಹುಸಿಯೋ ನಿಜವೋ ಎಂಬುದನ್ನು ಗರ್ಭಕೊರಳು ಹೇಳಬೇಕೇ ಹೊರತು, ಅಡುಗೆಮನೆಯಲ್ಲಿರುವ ಅತ್ತೆಯವರಾಗಲಿ ಇಷ್ಟು ದೂರದಲ್ಲಿರುವ ನಾನಾಗಲಿ ಹೇಳಲಾಗದು. ನೀರು ಹೋಗಿದೆಯೇ, ರಕ್ತ ಕಂಡಿದೆಯೇ, ಮಕ್ಕಳ ಅಲುಗಾಟ ಕಡಿಮೆಯಾಗಿದೆಯೇ, ಕೆಳಗೆ ಒತ್ತಿದಂತಾಗುತ್ತಿದೆಯೇ ಎಂಬುದನ್ನು ಅವರನ್ನೇ ಕೇಳಿ, ಹೋದಲ್ಲಿ ತಿಳಿಸಿ.

ಎಲ್ಲಿಗೆ ಹೋಗುವುದು ಎಂಬುದು, ಎಷ್ಟು ಬೇಗ ಹೋಗುವುದು ಎಂಬಷ್ಟೇ ಮುಖ್ಯ. ದಿನ ತುಂಬದ ಮಕ್ಕಳ ಘಟಕವಿಲ್ಲದ ನರ್ಸಿಂಗ್ ಹೋಮಿನಲ್ಲಿ ದಾಖಲಾಗಬೇಡಿ. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ, ಎಳೆಯ ಮಕ್ಕಳನ್ನು ಬೆಚ್ಚಗಿಡುವ ವಾರ್ಮರ್ ಒಂದಲ್ಲ, ಎರಡು ಖಾಲಿಯಿವೆಯೇ ಎಂದು ಕೇಳಿಸಿ. ಹುಟ್ಟಿದ ಮೇಲೆ ಎರಡು ಎಳೆಯ ಜೀವಗಳನ್ನು ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿಯೇ ಸಾಗಿಸುವುದು ಎಷ್ಟೋ ಪಾಲು ಕ್ಷೇಮ. ತಾಯಿ ಕಾರ್ಡ್ ಮತ್ತು ಹಳೆಯ ಸ್ಕ್ಯಾನುಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ, ದಾರಿಯುದ್ದಕ್ಕೂ ಎಡಮಗ್ಗುಲಲ್ಲಿ ಮಲಗಿಸಿ.

ಹೊರಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರಿಗೆ ಫೋನ್ ಮಾಡಿ, ಡೆಕ್ಸಾಮೆಥಾಸೋನ್ ಇದೆಯೇ ಎಂದು ವಿಚಾರಿಸಿ. ದಿನ ತುಂಬದ ಮಗುವಿನ ಶ್ವಾಸಕೋಶ ಬೇಗ ಬಲಿಯಲು ತಾಯಿಗೆ ಕೊಡುವ ಚುಚ್ಚುಮದ್ದು ಅದು: 6 ಮಿ.ಗ್ರಾಂ.ನಂತೆ 12 ಗಂಟೆಗೊಂದು, ಒಟ್ಟು ನಾಲ್ಕು. 24ರಿಂದ 34 ವಾರದೊಳಗೆ ಹೆರಿಗೆಯ ಲಕ್ಷಣ ಕಂಡರೆ, ದೊಡ್ಡಾಸ್ಪತ್ರೆಗೆ ಕಳುಹಿಸುವ ಮೊದಲು ಮೊದಲನೆಯದನ್ನು ಸಿಸ್ಟರೇ ಕೊಡಬಹುದೆಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಲ್ಲಿದೆ. ಇದೇ ಬಗೆಯ ಮದ್ದಿನ ಪರಿಣಾಮವನ್ನು ನ್ಯೂಜಿಲೆಂಡಿನ ಪ್ರಸೂತಿ ತಜ್ಞ ಲಿಗ್ಗಿನ್ಸ್ ಮೊದಲು ಕುರಿಮರಿಗಳಲ್ಲಿ ಕಂಡು, ಮಕ್ಕಳ ವೈದ್ಯ ಹೌವಿಯವರೊಡನೆ ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಇಷ್ಟು ಅಗ್ಗದ ಮದ್ದಿನಿಂದ ಇಷ್ಟು ಮಕ್ಕಳು ಉಳಿದದ್ದು ನಮ್ಮ ವಿಭಾಗದಲ್ಲಿ ಅಪರೂಪ. ಆದರೆ ಅದಕ್ಕೆ ಸಮಯ ಬೇಕು. ಪೂರ್ಣ ಫಲ ಸಿಗಲು ಮೊದಲ ಚುಚ್ಚುಮದ್ದಿನಿಂದ ಒಂದು ದಿನವಾದರೂ ಕಳೆದಿರಬೇಕು. ಪಾಡ್ಯ ಕಳೆಯಲೆಂದು ನೀವು ಕಾಯುವ ಆ ಒಂದು ದಿನವೇ ಮಕ್ಕಳಿಗೆ ಬೇಕಾದ ದಿನ.

ಸಾಗರ ಸೀಮೆಯ ಅಳಿಯ: 108ಕ್ಕೆ ಕರೆ ಮಾಡಿದ್ದೇನೆ. ಆಶಾ ಕಾರ್ಯಕರ್ತೆಯವರು ಸಿಸ್ಟರಿಗೆ ತಿಳಿಸುತ್ತಿದ್ದಾರೆ. ನೀರು ಹೋಗಿಲ್ಲ, ರಕ್ತವಿಲ್ಲ, ಮಕ್ಕಳು ಅಲುಗುತ್ತಿವೆ.

ಅಜ್ಜಿಮದ್ದು: ನಮ್ಮ ಕಾಲದಲ್ಲಿ ಸೂಜಿಯೂ ಇರಲಿಲ್ಲ, ಗಾಜಿನ ಪೆಟ್ಟಿಗೆಯೂ ಇರಲಿಲ್ಲ. ಹೇಗೂ ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕದು ಎಂಬುದು ತಿಳಿದವರ ಮಾತು. ಆಗುವುದಿದ್ದರೆ ಈಗಲೇ ಆಗುವುದು ಒಳ್ಳೆಯದು.

ಎರಡು ತೊಟ್ಟಿಲು: ಅಮ್ಮಾ, ನನ್ನ ಅವಳಿ ಹೆಣ್ಣುಮಕ್ಕಳು 31 ವಾರಕ್ಕೆ ಹುಟ್ಟಿದವರು. ಒಬ್ಬಳು 1.4 ಕೆ.ಜಿ., ಇನ್ನೊಬ್ಬಳು 1.2 ಕೆ.ಜಿ. ಅವರನ್ನು ಎದೆಗೆ ಕಟ್ಟಿಕೊಂಡು, ಹಿಂಡಿದ ಹಾಲನ್ನು ಮೂಗಿನ ನಳಿಕೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಸುತ್ತ ಐದು ವಾರ ಕುಳಿತಿದ್ದೆ. ಈಗಲೇ ಆಗುವುದು ಒಳ್ಳೆಯದು ಎಂಬ ಮಾತನ್ನು, ಹೆಂಡತಿಯನ್ನು ಗಾಡಿ ಹತ್ತಿಸುತ್ತಿರುವವರಿಗೆ ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಅಜ್ಜಿಮದ್ದು: ಹಿರಿಯರೊಡನೆ ಮಾತನಾಡುವ ರೀತಿ ಇದಲ್ಲ. ನಾನು ಆರು ಹೆತ್ತವಳು.

ಎರಡು ತೊಟ್ಟಿಲು: ಹೆತ್ತದ್ದು ಆರು ಎಂದಿರಿ. ಉಳಿದದ್ದು ಎಷ್ಟು ಎಂದು ನಾನು ಕೇಳುವುದಿಲ್ಲ.

ನಿರ್ವಾಹಕಿ: ಇಬ್ಬರೂ ಸಂಯಮದಿಂದ ವರ್ತಿಸಬೇಕಾಗಿ ಕೋರುತ್ತೇನೆ.

ವೈದ್ಯೆ: ಒಂದೊಂದು ವಾರ ಹೆಚ್ಚಿದಂತೆ ಮಗು ಬದುಕುವ ಸಾಧ್ಯತೆ ಹೆಚ್ಚುತ್ತದೆ. ಏಳಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಒಂಬತ್ತು ಮೇಲು. ಈ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ.

ಅಡಿಕೆ ತೋಟ: ನನ್ನ ಹೆಂಡತಿಗೂ 32 ವಾರ, ಅವಳಿ. ಹಿಂದಿನ ಬಸುರಿನಲ್ಲಿ ನೋವು ತಡೆಯಲು ಕೊಟ್ಟ ಐಸಾಕ್ಸುಪ್ರಿನ್ ಮಾತ್ರೆಗಳು ಮನೆಯಲ್ಲಿ ಉಳಿದಿವೆ. ಹಬ್ಬದಲ್ಲಿ ಹೊಟ್ಟೆ ಬಿಗಿದರೆ ಕೊಡಲೇ?

ವೈದ್ಯೆ: ಕೊಡಬೇಡಿ. ಈ ಬಗೆಯ ಮಾತ್ರೆಗಳಿಂದ ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಅವಳಿ ಬಸುರಿಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಹೆಚ್ಚು. ನೋವು ತಡೆಯುವ ಔಷಧಿಯನ್ನು ನಾವು ಆಸ್ಪತ್ರೆಯಲ್ಲಿ ಕೊಡುವುದು ಹೆಚ್ಚೆಂದರೆ 48 ಗಂಟೆ, ಆ ಚುಚ್ಚುಮದ್ದುಗಳು ಮುಗಿಯಲಿ ಎಂಬ ಕಾರಣಕ್ಕೆ. ದಿನ ತುಂಬಿಸುವ ಮಾತ್ರೆ ಯಾವುದೂ ಇಲ್ಲ.

ಗೆಜ್ಜೆಸದ್ದು: ಮೇಡಂ, ಅವಳಿ ಬಸುರಿದ್ದರೆ ಹೊಲಿಗೆ ಹಾಕಿಸಿಕೊಳ್ಳಬೇಕೇ?

ವೈದ್ಯೆ: ಮೇಲೆ ಓದಿ.

ಹೊಸಬಾಳು: ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದ್ದವರೂ ಆ ಚುಚ್ಚುಮದ್ದು ತೆಗೆದುಕೊಳ್ಳಬಹುದೇ?

ವೈದ್ಯೆ: ತೆಗೆದುಕೊಳ್ಳಬೇಕು. ಕೆಲವು ದಿನ ಸಕ್ಕರೆ ಏರುತ್ತದೆ, ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ.

ತುಂಗಾತೀರ: ನನ್ನ ಅಕ್ಕ ಅವಳಿ ಬಸುರಿನಲ್ಲಿ ನಾಲ್ಕು ತಿಂಗಳು ಮಂಚದ ಕಾಲಿಗೆ ಇಟ್ಟಿಗೆ ಇಟ್ಟು ಮಲಗಿಯೇ ಇದ್ದಳು. 36 ವಾರಕ್ಕೆ ಹೆರಿಗೆಯಾಯಿತು. ಎಲ್ಲರೂ ಹಾಗೆ ಮಾಡಬಾರದೇಕೆ?

ವೈದ್ಯೆ: ಮಲಗದವರಿಗೂ 36 ವಾರಕ್ಕೆ ಹೆರಿಗೆಯಾಗುತ್ತದೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮಾಂಸಖಂಡ ಕರಗುತ್ತದೆ. ಹೆರಿಗೆ ತಡವಾಗುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ತುಂಗಾತೀರ: ಅಂದರೆ ನನ್ನ ಅಕ್ಕ ನಾಲ್ಕು ತಿಂಗಳು ಸುಮ್ಮನೆ ಮಲಗಿದಳೇ? ವೈದ್ಯರೇ ಹಾಗೆ ಮಲಗಲು ಹೇಳಿದ್ದರು.

ಅಡಿಕೆ ತೋಟ: ಒಬ್ಬರು ಮಲಗು ಎನ್ನುತ್ತಾರೆ, ಇನ್ನೊಬ್ಬರು ಏಳು ಎನ್ನುತ್ತಾರೆ. ಜನ ಅಜ್ಜಿಮದ್ದಿನ ಕಡೆ ಹೋಗುವುದು ಇದಕ್ಕೇ.

ಸಾಗರ ಸೀಮೆಯ ಅಳಿಯ: ಮೇಡಂ, ಆರೋಗ್ಯ ಕೇಂದ್ರದ ಬಾಗಿಲಲ್ಲೇ ಗಾಡಿ ನಿಲ್ಲಿಸಿ 12:20ಕ್ಕೆ ಸಿಸ್ಟರ್ ಮೊದಲ ಚುಚ್ಚುಮದ್ದು ಕೊಟ್ಟು, ತಾಯಿ ಕಾರ್ಡಿನ ಮೇಲೆ ಸಮಯ ಬರೆದು ಸಹಿ ಹಾಕಿದರು. ಮೂರು ಗಂಟೆಯ ಹೊತ್ತಿಗೆ ಶಿವಮೊಗ್ಗದಲ್ಲಿ ದಾಖಲಾದೆವು. ಗರ್ಭಕೊರಳು 21 ಮಿ.ಮೀ., ಬಾಯಿ ತೆರೆದಿಲ್ಲ. ಎರಡೂ ಮಕ್ಕಳ ಎದೆಬಡಿತ ಸರಿಯಿದೆ. ಈಗ ಗಂಟೆಗೆ ಎರಡು ಸಲ ಮಾತ್ರ ಬಿಗಿಯುತ್ತಿದೆ. 32 ವಾರದೊಳಗಿರುವುದರಿಂದ ಹೆರಿಗೆ ಹತ್ತಿರವಾದರೆ ಮಕ್ಕಳ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಕೊಡುತ್ತೇವೆ, ಈಗ ಬೇಡ ಎಂದಿದ್ದಾರೆ.

ವೈದ್ಯೆ: ಸರಿಯಾಗಿದೆ. ಎರಡನೆಯದು ಮಧ್ಯರಾತ್ರಿ 12:20ಕ್ಕೆ, ನಾಲ್ಕನೆಯದು ನಾಳೆ ಮಧ್ಯರಾತ್ರಿ ಅದೇ ಹೊತ್ತಿಗೆ. ನಿದ್ದೆ ಬಂದಿದ್ದರೂ ಎಬ್ಬಿಸಿ, ಒಂದನ್ನೂ ತಪ್ಪಿಸಬೇಡಿ. 21 ಮಿ.ಮೀ. ಎಂಬುದು ಹೆದರುವ ಅಳತೆಯಲ್ಲ, ಮರೆಯುವ ಅಳತೆಯೂ ಅಲ್ಲ.

ಸಾಗರ ಸೀಮೆಯ ಅಳಿಯ: ತುಂಬ ಧನ್ಯವಾದಗಳು ಮೇಡಂ. ನೋವು ಪೂರ್ತಿ ನಿಂತರೆ ನಾಳೆ ಗೋಪೂಜೆಯ ಹೊತ್ತಿಗೆ ಕರೆದುಕೊಂಡು ಬನ್ನಿ ಎಂದು ಮಾವನವರು ಕೇಳುತ್ತಿದ್ದಾರೆ.

ವೈದ್ಯೆ: ಇಲ್ಲ. ಬಿಡುಗಡೆಯಾದ ಮೇಲೂ ಆ ಊರಿಗೆ ಹೋಗಬೇಡಿ, ಬೆಂಗಳೂರಿನ ಪ್ರಯಾಣವೂ ಬೇಡ. ಶಿವಮೊಗ್ಗದಲ್ಲಿಯೇ, ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ ಬರುವಂಥ ನೆಂಟರ ಮನೆಯಿದ್ದರೆ ಅಲ್ಲಿರಿ.

ಅಜ್ಜಿಮದ್ದು: ನೋಡಿದಿರಾ, ನೋವು ತಾನಾಗಿಯೇ ಇಳಿಯಿತು. ಹುಸಿನೋವು ಎಂದು ಆ ಅತ್ತೆಯವರು ಹೇಳಿದ್ದೇ ಸರಿ. ಇನ್ನೊಂದು ಸಂದೇಶ ಬಂದಿದೆ, ಬಾಳೆದಿಂಡಿನ ರಸ...

ವೈದ್ಯೆ: ನಿರ್ವಾಹಕಿಯವರೇ, ಇನ್ನೊಂದು ಕಷಾಯದ ಸಂದೇಶ ಇಲ್ಲಿ ಉಳಿದರೆ ನಾನು ಉತ್ತರಿಸುವುದನ್ನು ನಿಲ್ಲಿಸುತ್ತೇನೆ.

ಗೆಜ್ಜೆಸದ್ದು: ಮೇಲೆ ಓದಿದೆ ಮೇಡಂ. ಆದರೂ ನನ್ನ ಸ್ನೇಹಿತೆಗೆ ಹೊಲಿಗೆ ಹಾಕಿದ್ದಾರಲ್ಲ?

ನಿರ್ವಾಹಕಿ: ವೈದ್ಯೆಯವರಿಗೆ ಹೆರಿಗೆ ಕೋಣೆಯಿಂದ ಕರೆ ಬಂದಿರುವುದರಿಂದ ಇಂದಿನ ಉತ್ತರಗಳು ಇಲ್ಲಿಗೆ ಮುಗಿದಿವೆ. ಬಾಳೆದಿಂಡಿನ ಸಂದೇಶವನ್ನು ತೆಗೆಯಲಾಗುವುದು.

ಮಲೆನಾಡ ಮಗಳು: ಬೆಳಿಗ್ಗೆಯೇ ಕೇಳಿದ್ದೆ. ಸೀಮಂತಕ್ಕೆ ಹಸೆಯ ಮೇಲೆ ಮೂರು ಗಂಟೆ ಕುಳಿತುಕೊಳ್ಳಬಹುದೇ ಎಂದು ಯಾರಾದರೂ ತಿಳಿಸುವಿರಾ?